ಮೇಷ್ಟರಿಗೆ ಮೇಷ್ಟ್ರು ಯಾರು?

ಕನ್ನಡವನ್ನು ಉಳಿಸಿದವರು ಯಾರು ಅಂತ ನಮ್ಮ ಬ್ಲಾಗಿಗರ ಗುಂಪಿನಲ್ಲಿ ಒಮ್ಮೆ ಕೇಳಿ ನೋಡಿ. ಒಬ್ಬರು ಕುವೆಂಪು ಅಂತಾರೆ, ಇನ್ನೊಬ್ಬರು ಬೇಂದ್ರೆ ಅಂತಾರೆ, ಮತ್ತೊಬ್ಬರು ಆಲೂರು ವೆಂಕಟರಾಯರ ಹೆಸರು ಹೇಳ್ತಾರೆ. ನವೆಂಬರ್ ತಿಂಗಳಾಗಿದ್ದರೆ ಅಣ್ಣಾವ್ರು ಅನ್ನೋರೂ ಸಿಗ್ತಾರೆ :-) ಯಾವ ಉತ್ತರದ ಮೇಲೂ ನನ್ನ ತಕರಾರಿಲ್ಲ. ಆದರೆ ಈ ಪಟ್ಟಿಯಲ್ಲಿ ಯಾರೂ ಸೇರಿಸದ ಒಂದು ಹೆಸರಿದೆ. ಅದು ಮನುಷ್ಯನ ಹೆಸರಲ್ಲ, ಒಂದು ಪುಟ್ಟ ಕಾಲೇಜಿನ ಹೆಸರು. ಧಾರವಾಡದ ಟ್ರೈನಿಂಗ್ ಕಾಲೇಜು. ಮೊದಲು ಅದಕ್ಕೆ ನಾರ್ಮಲ್ ಸ್ಕೂಲ್ ಅಂತಿದ್ದರು. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ, ಮೇಷ್ಟರಾಗುವುದು ಹೇಗೆ ಅನ್ನೋದು.

ನಾನು ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯವನು. ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ನಿನಗೂ ಧಾರವಾಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಮಾರಾಯಾ ಅಂತ ಕೇಳಬಹುದು. ಸಂಬಂಧ ಇದೆ. ಡಿ.ಎಡ್ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವುದನ್ನು ನೋಡಿ 'ಹೋಗಲಿ ಬಿಡು, ಯಾರಿಗೆ ಬೇಕು ಅದು' ಅನ್ನೋ ಮಾತು ನಮ್ಮ ಕಡೆ ಈಗ ಸಾಮಾನ್ಯ. ಇಂಜಿನಿಯರಿಂಗ್ ಸಿಗದವರು ಡಿಗ್ರಿಗೆ, ಡಿಗ್ರಿ ಬೇಡ ಅನ್ನೋರು ಡಿ.ಎಡ್‌ಗೆ ಅನ್ನೋ ಒಂದು ಏಣಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದರಲ್ಲಿ ಕೊನೆಯ ಮೆಟ್ಟಿಲು ಮೇಷ್ಟರದ್ದು. ಈ ಏಣಿಯನ್ನು ತಲೆಕೆಳಗು ಮಾಡಿ ನೋಡಬೇಕು ಅನ್ನೋದೇ ಈ ಬರಹದ ವಾದ. ಅದಕ್ಕೆ ನನ್ನ ಹತ್ತಿರ ಇರುವ ದೊಡ್ಡ ಸಾಕ್ಷಿ ಧಾರವಾಡದ್ದು. ಅದಕ್ಕೇ ಅಲ್ಲಿಂದ ಶುರು ಮಾಡ್ತೀನಿ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಪ್ರಾಂತ್ಯದ ರಾಜಧಾನಿ ಮುಂಬಯಿ, ವಿದ್ಯೆಯ ಕೇಂದ್ರ ಪುಣೆ. ಕಚೇರಿಯಲ್ಲಿ ಮರಾಠಿ, ಸರ್ಕಾರಿ ಶಾಲೆಯಲ್ಲೂ ಮರಾಠಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಶಾಲೆಗೆ ಹೋಗಿ ಮರಾಠಿಯಲ್ಲಿ ಮಗ್ಗಿ ಹೇಳಬೇಕು. ವಾಲ್ಟರ್ ಎಲಿಯಟ್ ಎಂಬ ಇಂಗ್ಲಿಷ್ ಅಧಿಕಾರಿ 1830ರ ದಶಕದಲ್ಲೇ ಧಾರವಾಡದಲ್ಲಿ ಕನ್ನಡ ಶಾಲೆ ತೆರೆಸಿದ್ದ. ಒಳ್ಳೆಯ ಕೆಲಸವೇ. ಆದರೆ ಒಂದು ಊರಲ್ಲಿ ಒಂದು ಶಾಲೆ ತೆರೆಯುವುದು ಬೇರೆ, ನೂರಾರು ಹಳ್ಳಿಗಳಲ್ಲಿ ತೆರೆಯುವುದು ಬೇರೆ. ಕಟ್ಟಡಕ್ಕೆ ಜಾಗ ಸಿಗುತ್ತೆ, ಗುಡಿಯ ಪಡಸಾಲೆಯಾದರೂ ಸಾಕು. ಮಕ್ಕಳೂ ಸಿಗ್ತಾರೆ. ಸಿಗದೇ ಇದ್ದದ್ದು ಕನ್ನಡದಲ್ಲಿ ಲೆಕ್ಕ, ಭೂಗೋಳ, ಚರಿತ್ರೆ ಹೇಳಿಕೊಡಬಲ್ಲ ಮೇಷ್ಟ್ರು.

ನಮ್ಮ ವೃತ್ತಿಯವರಿಗೆ ಇದು ಗೊತ್ತಿರುವ ಸಮಸ್ಯೆ. ಕಂಪೈಲರ್ ಬರೆಯಲು ಒಂದು ಭಾಷೆ ಬೇಕು, ಆ ಭಾಷೆ ಓಡಲು ಒಂದು ಕಂಪೈಲರ್ ಬೇಕು. ಹಾಗಾದರೆ ಮೊದಲನೆಯ ಕಂಪೈಲರ್ ಎಲ್ಲಿಂದ ಬಂತು? ಯಾರೋ ಪುಣ್ಯಾತ್ಮ ಕೂತು ಒಂದು ಸಣ್ಣದನ್ನು ಕೈಯಿಂದ ಕಟ್ಟಬೇಕು. ಆ ಸಣ್ಣದು ದೊಡ್ಡದನ್ನು ಕಟ್ಟುತ್ತೆ. ಇದಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಅಂತೀವಿ. ಕನ್ನಡದಲ್ಲಿ ಓದಿದ ಮೇಷ್ಟ್ರು ಬೇಕಾದರೆ ಕನ್ನಡ ಶಾಲೆ ಇರಬೇಕು, ಕನ್ನಡ ಶಾಲೆ ಇರಬೇಕಾದರೆ ಕನ್ನಡದಲ್ಲಿ ಕಲಿಸುವ ಮೇಷ್ಟ್ರು ಬೇಕು. ಈ ಗಂಟನ್ನು ಬಿಚ್ಚಿದ್ದೇ ನಾರ್ಮಲ್ ಸ್ಕೂಲು.

'ನಾರ್ಮಲ್' ಅನ್ನೋ ಹೆಸರು ಕೇಳಿ ನಗಬೇಡಿ. ಲ್ಯಾಟಿನ್‌ನ 'ನೋರ್ಮಾ' ಅಂದರೆ ಬಡಗಿಯ ಮೂಲೆಮಟ್ಟ. ಅಳತೆ, ಮಾದರಿ ಅನ್ನುವ ಅರ್ಥ ಅಲ್ಲಿಂದ ಬಂದದ್ದು. ಮೇಷ್ಟ್ರು ಹೇಗಿರಬೇಕು ಅನ್ನೋದಕ್ಕೆ ಮಾದರಿ ತೋರಿಸುವ ಶಾಲೆ ಅನ್ನೋದು ಹೆಸರಿನ ತಾತ್ಪರ್ಯ. ಪ್ಯಾರಿಸ್ಸಿನಲ್ಲಿ ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಈ ಹೆಸರಿನ ಶಾಲೆ ಹುಟ್ಟಿತು. ಅಮೆರಿಕದ ಮೊದಲ ಸರ್ಕಾರಿ ನಾರ್ಮಲ್ ಸ್ಕೂಲು ಮ್ಯಾಸಚೂಸೆಟ್ಸ್‌ನ ಲೆಕ್ಸಿಂಗ್ಟನ್‌ನಲ್ಲಿ 1839ರ ಜುಲೈ 3ರಂದು ತೆರೆದಾಗ ಬಂದ ವಿದ್ಯಾರ್ಥಿನಿಯರು ಎಷ್ಟು ಜನ ಗೊತ್ತೇ? ಮೂರೇ ಮೂರು! ಇವತ್ತಿನ ನಮ್ಮ ಇಲಾಖೆಯಾಗಿದ್ದರೆ 'ದಾಖಲಾತಿ ಕೊರತೆ' ಅಂತ ಅದೇ ವಾರ ಬೀಗ ಹಾಕಿಸುತ್ತಿತ್ತು. ಅವರು ಹಾಕಲಿಲ್ಲ. ಅದೇ ಶಾಲೆ ಈಗ ಫ್ರೇಮಿಂಗ್‌ಹ್ಯಾಮ್ ಸ್ಟೇಟ್ ಯೂನಿವರ್ಸಿಟಿ.

ಇತ್ತ ಇಂಡಿಯಾದಲ್ಲಿ 1854ರಲ್ಲಿ ವುಡ್ಸ್ ಡಿಸ್ಪ್ಯಾಚ್ ಬಂತು. ಪ್ರಾಂತ್ಯಕ್ಕೊಂದು ಶಿಕ್ಷಣ ಇಲಾಖೆ ಇರಬೇಕು, ಮೇಷ್ಟರ ತರಬೇತಿಗೆ ಶಾಲೆಗಳಿರಬೇಕು ಅಂತ ಅದು ಹೇಳಿತು. ಅದರ ನಂತರದ ವರ್ಷಗಳಲ್ಲಿ ಧಾರವಾಡದ ನಾರ್ಮಲ್ ಸ್ಕೂಲು ಬೆಳೆಯಿತು. ಅದರ ಮುಖ್ಯಸ್ಥರಾಗಿ ಕೆಲಸ ಮಾಡಿದವರಲ್ಲಿ ಒಬ್ಬರು ಚನ್ನಬಸಪ್ಪನವರು. ಹುಟ್ಟಿದ್ದು 1834, ತೀರಿಕೊಂಡದ್ದು 1881. ಐವತ್ತು ವರ್ಷವೂ ಬದುಕಲಿಲ್ಲ. ಮುಂದೆ ಡೆಪ್ಯುಟಿ ಎಜುಕೇಷನಲ್ ಇನ್ಸ್‌ಪೆಕ್ಟರ್ ಆದರು, ಹುದ್ದೆಯೇ ಹೆಸರಿಗೆ ಅಂಟಿಕೊಂಡು 'ಡೆಪ್ಯುಟಿ ಚನ್ನಬಸಪ್ಪ' ಆದರು. ಹಳ್ಳಿ ಹಳ್ಳಿ ಸುತ್ತಿ, ಕನ್ನಡದ ಊರುಗಳಲ್ಲಿದ್ದ ಮರಾಠಿ ಶಾಲೆಗಳನ್ನು ಕನ್ನಡ ಶಾಲೆ ಮಾಡಿಸಿದವರು. ಅವರ ಬೆನ್ನಿಗಿದ್ದವನು ರಸೆಲ್ ಎಂಬ ಇಂಗ್ಲಿಷ್ ಶಿಕ್ಷಣಾಧಿಕಾರಿ. ಷೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದವರೂ ಈ ಚನ್ನಬಸಪ್ಪನವರೇ. ಸರ್ಕಾರಿ ನೌಕರಿಯೂ ಆಯ್ತು, ಕನ್ನಡದ ಕೆಲಸವೂ ಆಯ್ತು. ನಾವು ಮೀಟಿಂಗ್‌ಗಳ ನಡುವೆ ಬ್ಲಾಗ್ ಬರೆದು ಬೀಗ್ತೀವಲ್ಲ, ಅದರ ಮುತ್ತಾತ ಇವರು :-)

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಬರೀ ಆದೇಶ ಹೊರಡಿಸಿದ್ದರೆ ಏನಾಗುತ್ತಿತ್ತು? 'ನಾಳೆಯಿಂದ ಕನ್ನಡದಲ್ಲಿ ಪಾಠ' ಅಂತ ಕಾಗದ ಬರುತ್ತಿತ್ತು, ಮರಾಠಿಯ ಮೇಷ್ಟ್ರು ಮರಾಠಿಯಲ್ಲೇ ಪಾಠ ಮುಂದುವರೆಸುತ್ತಿದ್ದರು. ಕನ್ನಡ ಕಡ್ಡಾಯದ ಎಷ್ಟು ಆದೇಶಗಳ ಗತಿ ಏನಾಗಿದೆ ಅಂತ ನಮಗೆ ಗೊತ್ತಿಲ್ಲವೇ! ಆದರೆ ಇಲ್ಲಿ ಆದೇಶದ ಹಿಂದೆ ಒಂದು ಕಾರ್ಖಾನೆ ಇತ್ತು. ಒಂದು ಕಡೆ ಟ್ರೈನಿಂಗ್ ಮುಗಿಸಿದ ಮೇಷ್ಟ್ರು ತಯಾರಾಗುತ್ತಿದ್ದರು, ಇನ್ನೊಂದು ಕಡೆ ಅವರಿಗೆ ಶಾಲೆ ತೆರೆಯುತ್ತಿತ್ತು. ಊರಿಗೆ ಹೋದ ಮೇಷ್ಟ್ರು ಒಂಟಿಯಾಗದಿರಲಿ ಅಂತ 1860ರ ದಶಕದಲ್ಲಿ ಅವರಿಗಾಗಿಯೇ 'ಮಠಪತ್ರಿಕೆ' ಅಂತ ಒಂದು ಪತ್ರಿಕೆ ಶುರುವಾಯಿತು. 'ಮಠ' ಅಂದರೆ ಇಲ್ಲಿ ಶಾಲೆ, ಕೂಲಿಮಠ ಅಂತೀವಲ್ಲ ಹಾಗೆ. ಅದು ಮುಂದೆ 'ಜೀವನ ಶಿಕ್ಷಣ' ಅನ್ನೋ ಹೆಸರಿನಲ್ಲಿ ಮುಂದುವರೆಯಿತು. ಆ ಟ್ರೈನಿಂಗ್ ಕಾಲೇಜಿನ ವಾರಸುದಾರ ಈಗ ಧಾರವಾಡದ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ.

ಈಗ ಫಲ ನೋಡಿ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಅಷ್ಟು ಹೊತ್ತಿಗೆ ಕನ್ನಡ ಓದಬಲ್ಲ ಒಂದು ತಲೆಮಾರು ಆ ಭಾಗದಲ್ಲಿ ತಯಾರಾಗಿತ್ತು. ಊರೂರು ತಿರುಗಿ ಕನ್ನಡ ನಾಟಕ ಕಟ್ಟಿದ ಶಾಂತಕವಿಗಳು (1856-1920) ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಕಾದಂಬರಿಗಳಿಂದ ಉತ್ತರ ಕರ್ನಾಟಕಕ್ಕೆ ಓದುವ ಚಟ ಹಿಡಿಸಿದ ಗಳಗನಾಥರು (1869-1942) ಕೂಡ ಮೇಷ್ಟ್ರೇ. ಸಂಘ ಕಟ್ಟಿದವರ ಹೆಸರು ಸಭಾಂಗಣದ ಮೇಲೆ ಇರುತ್ತೆ, ಕವಿಗಳ ಹೆಸರು ರಸ್ತೆಗೆ ಇರುತ್ತೆ. ಅವರ ಪುಸ್ತಕ ಓದುವವರನ್ನು ತಯಾರು ಮಾಡಿದ ನೂರಾರು ಏಳನೇ ಕ್ಲಾಸಿನ ಮೇಷ್ಟರ ಹೆಸರು ಎಲ್ಲೂ ಇಲ್ಲ. ಓದುಗನಿಲ್ಲದೆ ಕವಿ ಏನು ಮಾಡಿಯಾನು ಹೇಳಿ?

ನಮ್ಮ ಕಡೆಯ ಕಥೆಯೂ ಇದಕ್ಕೆ ದೂರವಲ್ಲ. ಕೊರಟಗೆರೆ, ಮಧುಗಿರಿ ಸೀಮೆ ಮೈಸೂರು ಸಂಸ್ಥಾನದ್ದು. ಇಲ್ಲಿ ಮರಾಠಿಯ ಗೊಡವೆ ಇರಲಿಲ್ಲ, ಆದರೆ ಹಳ್ಳಿಯಲ್ಲಿ ಶಾಲೆಯೂ ಇರಲಿಲ್ಲ. 1868ರಲ್ಲಿ ಬಿ.ಎಲ್. ರೈಸ್ ಹೋಬಳಿಗೊಂದು ಶಾಲೆ ಅನ್ನೋ ಯೋಜನೆ ಮುಂದಿಟ್ಟರು. ಶಾಸನಗಳ ರೈಸ್ ಅಂತ ನಾವು ಬಲ್ಲೆವಲ್ಲ, 'ಎಪಿಗ್ರಾಫಿಯಾ ಕರ್ನಾಟಿಕಾ'ದ ರೈಸ್, ಅವರೇ. ಆ ಯೋಜನೆಯಲ್ಲಿ ಜಾಣತನ ಎಲ್ಲಿತ್ತು ಅಂದರೆ, ಹೊರಗಿನಿಂದ ಮೇಷ್ಟರನ್ನು ತಂದು ಇಳಿಸಲಿಲ್ಲ. ಆಗಲೇ ಊರಲ್ಲಿ ಕೂಲಿಮಠ ನಡೆಸುತ್ತಿದ್ದ ಅಯ್ಯಗಳನ್ನೇ ಆರಿಸಿ ನಾರ್ಮಲ್ ಸ್ಕೂಲಿಗೆ ಕಳಿಸಿ, ತರಬೇತಿ ಕೊಟ್ಟು, ವಾಪಸ್ಸು ಅದೇ ಸೀಮೆಗೆ ಕಳಿಸುವುದು. ಧಾರವಾಡದಲ್ಲಿ ಒಂದು ಕಾರಣಕ್ಕೆ, ಮೈಸೂರಿನಲ್ಲಿ ಇನ್ನೊಂದು ಕಾರಣಕ್ಕೆ, ಎರಡೂ ಕಡೆ ಉತ್ತರ ಒಂದೇ ಆಗಿತ್ತು. ಮೊದಲು ಮೇಷ್ಟರನ್ನು ಮಾಡು. ಅದೂ ಅಲ್ಲಿಯವನನ್ನೇ ಮಾಡು.

'ಅಲ್ಲಿಯವನನ್ನೇ' ಅನ್ನೋ ಮಾತು ಇವತ್ತಿಗೂ ಯಾಕೆ ಮುಖ್ಯ ಅನ್ನೋದಕ್ಕೆ ನಮ್ಮ ಶೈಕ್ಷಣಿಕ ಜಿಲ್ಲೆಯನ್ನೇ ನೋಡಿ. ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶಿಕ್ಷಣ ಇಲಾಖೆಗೆ ಎರಡು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿಗೆ ತನ್ನದೇ ಡಯಟ್ ಕೂಡ ಇದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ದೇಶದಲ್ಲೆಲ್ಲ ಡಯಟ್‌ಗಳು ಬಂದವು. ಆ ಯೋಜನೆಯ ತಿರುಳೇ ತರಬೇತಿಯನ್ನು ಜಿಲ್ಲೆಯ ಮಟ್ಟಕ್ಕೆ ತರುವುದು. ಪಾವಗಡ ಗೊತ್ತಲ್ಲ, ನಕಾಶೆಯಲ್ಲಿ ನೋಡಿದರೆ ಆಂಧ್ರದ ಮಡಿಲಲ್ಲಿ ಕೂತ ಹಾಗಿದೆ. ಅಲ್ಲಿ ಎಷ್ಟೋ ಮನೆಯ ಮಾತು ತೆಲುಗು. ಆರು ವರ್ಷದ ಮಗು ಒಂದನೇ ಕ್ಲಾಸಿಗೆ ಬಂದು ಕೂತಾಗ 'ಅರಸ', 'ಆಟ' ಅಂದರೆ ಅದಕ್ಕೆ ಏನು ಹೊಳೆಯುತ್ತೆ, ಏನು ಹೊಳೆಯಲ್ಲ ಅನ್ನೋದು ಆ ಸೀಮೆಯ ಮೇಷ್ಟರಿಗೆ ಗೊತ್ತಾಗುವಷ್ಟು ಬೆಂಗಳೂರಿನ ಯೂನಿವರ್ಸಿಟಿಗೆ ಗೊತ್ತಾಗಲ್ಲ. 1850ರಲ್ಲಿ ಧಾರವಾಡದ ಮಗುವಿಗೆ ಇದ್ದ ಕಷ್ಟವೇ ಇದು, ಭಾಷೆಗಳ ಹೆಸರು ಮಾತ್ರ ಬದಲು. ಗಡಿಯಾಚೆ ಕಾಸರಗೋಡಿಗೆ ಹೋದರೆ ಅಲ್ಲಿ ಕನ್ನಡದ ಮಕ್ಕಳಿಗೇ ಈ ಕಷ್ಟ. ಕನ್ನಡ ಬಾರದ ಮೇಷ್ಟರನ್ನು ಕನ್ನಡ ಮಾಧ್ಯಮದ ತರಗತಿಗೆ ಹಾಕಿದ್ದಾರೆ ಅಂತ ಅಲ್ಲಿಯ ಪೋಷಕರು ಮತ್ತೆ ಮತ್ತೆ ಬೀದಿಗೆ ಇಳಿಯಬೇಕಾಗಿ ಬಂದಿದೆ. ಮಾಯಿಪ್ಪಾಡಿಯ ಡಯಟ್ ಅಲ್ಲಿನವರಿಗೆ ಯಾಕೆ ಅಷ್ಟು ಮುಖ್ಯ ಅಂತ ಇದರಿಂದ ಅರ್ಥವಾಗುತ್ತೆ.

ಸರಿ, ಹಾಗಾದರೆ ಈಗಿನ ಡಿ.ಎಡ್ ಕಾಲೇಜುಗಳೆಲ್ಲ ಚನ್ನಬಸಪ್ಪನವರ ನಾರ್ಮಲ್ ಸ್ಕೂಲುಗಳೇ? ಖಂಡಿತ ಅಲ್ಲ. ನಮ್ಮ ಅತ್ತೆ ಟಿ.ಸಿ.ಹೆಚ್ ಮಾಡಿದವರು. ಆಗ ಪಿಯುಸಿ ಆದ ಮೇಲೆ ಎರಡು ವರ್ಷದ ಕೋರ್ಸು. ಪಾಠ ಯೋಜನೆ ಬರೆಯುವುದು, ರಟ್ಟಿನಲ್ಲಿ ಗಡಿಯಾರ ಮಾಡುವುದು, ಹುಣಸೆ ಬೀಜದಲ್ಲಿ ಕೂಡುವ ಲೆಕ್ಕ ಕಲಿಸುವುದು, ಎಲ್ಲಾ ಒಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಟಿ.ಸಿ.ಹೆಚ್ ಹೋಗಿ ಡಿ.ಎಡ್ ಆಯ್ತು, ಖಾಸಗಿ ಕಾಲೇಜುಗಳು ನಾಯಿಕೊಡೆಯ ಹಾಗೆ ಎದ್ದವು. ನನ್ನ ಚಿಕ್ಕಪ್ಪನ ಮಗಳು ಅಂಥದ್ದೇ ಒಂದು ಕಾಲೇಜಿಗೆ ಸೇರಿದಳು. ಹೆಸರು ಬೇಡ ಬಿಡಿ. ಫೀಸು ಕಟ್ಟಿದರೆ ಹಾಜರಿ ತಾನೇ ಬೀಳುತ್ತಿತ್ತು, ಪಾಠ ಯೋಜನೆಯ ಪುಸ್ತಕ ಹೊರಗೆ ದುಡ್ಡಿಗೆ ಬರೆಸಿಕೊಳ್ಳಬಹುದಿತ್ತು. ಅವಳು ಮಾತ್ರ ಹಟ ಹಿಡಿದು ತಾನೇ ಬರೆದಳು. ಅದಕ್ಕೆ ಗೆಳತಿಯರು ನಕ್ಕರಂತೆ. ಇದು ಒಂದು ಕಾಲೇಜಿನ ಕಥೆಯಲ್ಲ. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದನ್ನು ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಬೇರೆ ಯಾವ ಕೋರ್ಸೂ ಇಲ್ಲದೆ ಶಿಕ್ಷಕರ ತರಬೇತಿಯೊಂದನ್ನೇ ನಡೆಸುವ 10,000ಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಬಹುಪಾಲು ದುಡ್ಡಿಗೆ ಪದವಿ ಮಾರುತ್ತಿವೆ ಅಂತ ನೇರವಾಗಿಯೇ ಹೇಳಿದೆ. ಅಂಗಡಿ ಮುಚ್ಚಲಿ. ನನಗೆ ಬೇಸರವಿಲ್ಲ.

ನನ್ನ ತಕರಾರು ಇರೋದು ಇದರ ಮುಂದಿನ ಹೆಜ್ಜೆಗೆ. ಅಂಗಡಿಗಳು ಕೆಟ್ಟವು, ಆದ್ದರಿಂದ ಸಣ್ಣ ತರಬೇತಿ ಕಾಲೇಜು ಅನ್ನೋ ಕಲ್ಪನೆಯೇ ಕೆಟ್ಟದ್ದು ಅನ್ನೋ ತೀರ್ಮಾನಕ್ಕೆ. 2020ರ ನೀತಿಯ ಪ್ರಕಾರ 2030ರ ಹೊತ್ತಿಗೆ ಮೇಷ್ಟರಾಗಲು ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಮಗ್ರ ಬಿ.ಎಡ್. ಅದು ಇರಬೇಕಾದದ್ದು ಬಹುಶಿಸ್ತಿನ ದೊಡ್ಡ ಕಾಲೇಜು, ಯೂನಿವರ್ಸಿಟಿಗಳಲ್ಲಿ. ನಾಲ್ಕು ವರ್ಷದ ಕೋರ್ಸಿನ ಮೇಲೆ ನನಗೆ ಗೌರವ ಇದೆ. ಮೈಸೂರಿನ ರೀಜನಲ್ ಕಾಲೇಜ್ ಆಫ್ ಎಜುಕೇಷನ್ 1963ರಲ್ಲೇ ಅದನ್ನು ಶುರು ಮಾಡಿ, ಹೈಸ್ಕೂಲಿಗೆ ಒಳ್ಳೊಳ್ಳೆಯ ವಿಜ್ಞಾನದ ಮೇಷ್ಟರನ್ನು ಕೊಟ್ಟಿದೆ. ಆದರೆ ಹೈಸ್ಕೂಲಿನ ಭೌತಶಾಸ್ತ್ರ ಬೇರೆ, ಒಂದನೇ ಕ್ಲಾಸಿನ ಅ ಆ ಇ ಈ ಬೇರೆ. ಎರಡನೆಯದು ಸುಲಭ ಅಂತ ನಾವು ಅಂದುಕೊಂಡಿದ್ದೀವಿ. ಒತ್ತಕ್ಷರ ಯಾಕೆ ಕೆಳಗೆ ಹೋಗುತ್ತೆ, ಅರ್ಕಾವತ್ತು ಮೊದಲು ಉಚ್ಚಾರವಾದರೂ ಯಾಕೆ ಆಮೇಲೆ ಬರೆಯಬೇಕು ಅಂತ ಆರು ವರ್ಷದ ಮಗುವಿಗೆ ಹೇಳಿ ನೋಡಿ, ಗೊತ್ತಾಗುತ್ತೆ. ಯೂನಿಕೋಡ್‌ನವರಿಗೇ ಅರ್ಕಾವತ್ತು ಬೆವರಿಳಿಸಿದೆ ;-)

ಇದು ನನ್ನ ಒಬ್ಬನ ಅಭಿಪ್ರಾಯ ಅಂದುಕೊಳ್ಳಬೇಡಿ. 2018ರಲ್ಲಿ ಎನ್.ಸಿ.ಟಿ.ಇ ಒಂದು ಅಧಿಸೂಚನೆ ಹೊರಡಿಸಿ, ಬಿ.ಎಡ್ ಆದವರೂ ಒಂದರಿಂದ ಐದನೇ ತರಗತಿಗೆ ಮೇಷ್ಟರಾಗಬಹುದು ಅಂದಿತು. ರಾಜಸ್ಥಾನದ ಹೈಕೋರ್ಟು ಅದನ್ನು ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಸಣ್ಣ ಮಕ್ಕಳಿಗೆ ಕಲಿಸಲು ಬೇಕಾದ ಕೌಶಲ ಬೇರೆ, ಡಿಪ್ಲೊಮಾ ತರಬೇತಿ ಇರುವುದೇ ಅದಕ್ಕೆ, ಬಿ.ಎಡ್ ಇರುವುದು ದೊಡ್ಡ ಮಕ್ಕಳಿಗೆ ಕಲಿಸುವವರಿಗಾಗಿ ಅನ್ನೋದು ಆ ತೀರ್ಪಿನ ಸಾರಾಂಶ. ದೇಶದ ಅತಿ ದೊಡ್ಡ ನ್ಯಾಯಾಲಯ ನಮ್ಮ ಅತ್ತೆಯ ಟ್ರಂಕಿಗೆ ಮರ್ಯಾದೆ ಕೊಟ್ಟಿತು ಅಂತ ನಾನು ಓದಿಕೊಂಡೆ.

ಹಾಗಿದ್ದರೂ ಮಕ್ಕಳು ಯಾಕೆ ಡಿ.ಎಡ್‌ಗೆ ಸೇರುತ್ತಿಲ್ಲ? ಸರಳ. ಕೆಲಸ ಸಿಗಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ 15,000 ಹುದ್ದೆಗೆ ದೊಡ್ಡ ನೇಮಕಾತಿ ನಡೆಯಿತು, ಆದರೆ ಅದು ಆರರಿಂದ ಎಂಟನೇ ತರಗತಿಗೆ, ಪದವೀಧರರಿಗೆ. ಕೆಳಗಿನ ತರಗತಿಗಳಲ್ಲಿ ಬಹಳ ಕಡೆ ಅತಿಥಿ ಶಿಕ್ಷಕರಿಂದ ಬಂಡಿ ಓಡುತ್ತಿದೆ. ಬಾಗಿಲಲ್ಲಿ ಬೀಗ ಹಾಕಿ, ಯಾರೂ ಒಳಗೆ ಬರುತ್ತಿಲ್ಲ ಅಂತ ಮನೆಯನ್ನೇ ಕೆಡವಿದ ಹಾಗಾಯ್ತು ಇದು.

ಈಗ ನಮ್ಮ ಟೆಕ್ಕಿ ಮಿತ್ರರ ಮಾಮೂಲು ಪ್ರಶ್ನೆ. 'ಇನ್ನೇನು ಎ.ಐ. ಬಂದಿದೆಯಲ್ಲ ಗುರು, ಮೊಬೈಲೇ ಪಾಠ ಹೇಳುತ್ತೆ, ಮೇಷ್ಟ್ರು ಯಾಕೆ?' ದಿನಾ ಅದರಲ್ಲೇ ಕೈ ಆಡಿಸುವವನಾಗಿ ಹೇಳ್ತೀನಿ. ಓದಲು ಬರುವವನಿಗೆ ಅದು ಒಳ್ಳೆಯ ಗೆಳೆಯ. ಓದಲೇ ಬಾರದ, ಬೆಳಿಗ್ಗೆ ಊಟ ಮಾಡದೆ ಬಂದ, ಪಕ್ಕದವನ ಬಳಪ ಕಿತ್ತುಕೊಂಡು ಅಳಿಸುವ ಮಗುವಿಗೆ ಅದು ಏನೂ ಅಲ್ಲ. ಒಳ್ಳೆಯ ಹೊಸತು ಬಂದದ್ದೂ ಮೇಷ್ಟರಿಂದಲೇ. ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ರಿಷಿ ವ್ಯಾಲಿಯ ಪದ್ಧತಿಯನ್ನು ಅಲ್ಲಿಯ ಸರ್ಕಾರಿ ಮೇಷ್ಟ್ರುಗಳೇ ಕೂತು ಕನ್ನಡದ ಮಗುವಿಗೆ ಒಗ್ಗಿಸಿದರು. ಆಮೇಲೆ ಅದು ರಾಜ್ಯಕ್ಕೆಲ್ಲ ಹರಡಿತು. ಅದನ್ನು ಮಾಡಿದ್ದು ಯಾವ ಸ್ಟಾರ್ಟಪ್ಪೂ ಅಲ್ಲ ಸ್ವಾಮಿ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ದುಡ್ಡಿನ ಅಂಗಡಿಗಳನ್ನು ಮುಚ್ಚಿ, ಆದರೆ ಶೈಕ್ಷಣಿಕ ಜಿಲ್ಲೆಗೊಂದು ಸರ್ಕಾರಿ ತರಬೇತಿ ಕಾಲೇಜನ್ನು ಜೀವಂತ ಇಡಿ. ಅಲ್ಲಿ ಪಾಠ ಮಾಡುವ ಹುದ್ದೆಗಳನ್ನು ಭರ್ತಿ ಮಾಡಿ, ವರ್ಗಾವಣೆಯ ಶಿಕ್ಷೆಗೆ ಬಂದವರಿಂದಲ್ಲ, ಹತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವರಿಂದ. ಒಂದರಿಂದ ಐದನೇ ತರಗತಿಗೆ ಕ್ರಮವಾಗಿ ನೇಮಕಾತಿ ಮಾಡಿ, ಸೇರುವವರು ತಾವಾಗಿಯೇ ಬರುತ್ತಾರೆ. ನಾಲ್ಕು ವರ್ಷದ ಕೋರ್ಸೇ ಬೇಕು ಅಂದರೆ ಅದನ್ನೂ ಮಧುಗಿರಿಯಲ್ಲೇ ಮಾಡಿ, ಪಾವಗಡದ ಹುಡುಗಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ತರಗತಿಯಲ್ಲಿ ಮೂವತ್ತು ಜನ ಇದ್ದರೆ ಸಾಕು. ಮೂರು ಜನರಿಂದ ಶುರುವಾದದ್ದನ್ನು ಆಗಲೇ ಹೇಳಿದೆನಲ್ಲ.

ಕನ್ನಡದ ಬಗ್ಗೆ ನಾವು ಬ್ಲಾಗಿಗರು ತುಂಬಾ ಮಾತಾಡ್ತೀವಿ. ಫಾಂಟು, ಕೀಬೋರ್ಡು, ಬೋರ್ಡಿನ ಮೇಲೆ ಕನ್ನಡ, ಬ್ಯಾಂಕಿನಲ್ಲಿ ಕನ್ನಡ. ಎಲ್ಲವೂ ಬೇಕು. ಆದರೆ ಇನ್ನು ಇಪ್ಪತ್ತು ವರ್ಷದ ಮೇಲೆ ನಮ್ಮ ಈ ಪುಟಗಳನ್ನು ಓದುವವರು ಇರುತ್ತಾರೋ ಇಲ್ಲವೋ ಅನ್ನೋದು ತೀರ್ಮಾನವಾಗುವುದು ಈ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗುವಿನ ಎದುರು ಯಾರು ನಿಂತಿದ್ದಾರೆ ಅನ್ನೋದರ ಮೇಲೆ. ಚನ್ನಬಸಪ್ಪನವರಿಗೆ ಅದು ನೂರೈವತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ನಿಮ್ಮ ಊರಿನ ಹತ್ತಿರದ ಟ್ರೈನಿಂಗ್ ಕಾಲೇಜು ಈಗ ಹೇಗಿದೆ? ಬಾಗಿಲು ತೆರೆದಿದೆಯೋ, ಮುಚ್ಚಿದೆಯೋ? ಸ್ವಲ್ಪ ವಿಚಾರಿಸಿ ಬರೆಯಿರಿ.